ಹನ್ನೊಂದು ವಾರದ ಚಿಕಿತ್ಸೆ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತಳು. ನಿದ್ದೆಯಿಲ್ಲದೆ, ಊಟ ಸೇರದೆ ಬಳಲಿದ್ದ ಅವಳನ್ನು ಮನೆಯವರು ಮನೋಚಿಕಿತ್ಸಕರೊಬ್ಬರ ಬಳಿಗೆ ಕರೆದೊಯ್ಯುತ್ತಿದ್ದರು. ನಾಲ್ಕು ಸಲ ಹೋಗಿಬಂದಿದ್ದಳು. "ನಾನು ಅಲ್ಲಿ ಆಡಿದ ಮಾತು ಮನೆ ಸೇರುವ ಮೊದಲೇ ಅಣ್ಣನ ಕಿವಿ ಸೇರಿರುತ್ತದೆ. ಇನ್ನು ಹೋಗಲಾರೆ, ಸಾರ್" ಎಂದಳು. "ಔಷಧಿ ಕಹಿಯೆಂದು ಬಿಡುವುದುಂಟೆ? ವೈದ್ಯರಿಗೆ ಎದುರಾಡಬೇಡಮ್ಮ" ಎಂದು ಬುದ್ಧಿ ಹೇಳಿ ಕಳುಹಿಸಿದೆ. ಆ ಬುದ್ಧಿಮಾತಿಗಾಗಿ ನಾನು ಇಂದಿಗೂ ನಾಚುತ್ತೇನೆ. ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟದ್ದು ನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಒಂದು ಪ್ರಕರಣ.

1900ನೆಯ ಇಸವಿಯ ಅಕ್ಟೋಬರ್ ತಿಂಗಳು. ಆಸ್ಟ್ರಿಯದ ರಾಜಧಾನಿ ವಿಯೆನ್ನಾದಲ್ಲಿ, ಬೆರ್ಗ್‌ಗಾಸೆ ಬೀದಿಯ 19ನೆಯ ನಂಬರಿನ ಮನೆಗೆ ಶ್ರೀಮಂತ ಉದ್ಯಮಿಯೊಬ್ಬ ತನ್ನ ಮಗಳನ್ನು ಕರೆತಂದ. ಮನೆ ಸಿಗ್ಮಂಡ್ ಫ್ರಾಯ್ಡನದು. ಮಗಳ ಹೆಸರು ಇಡಾ ಬೌಯರ್. ಫ್ರಾಯ್ಡ್ ತನ್ನ ಬರಹದಲ್ಲಿ ಅವಳಿಗೆ 'ಡೋರಾ' ಎಂದು ಹೆಸರಿಟ್ಟ; ಲೋಕ ಅವಳನ್ನು ಬಲ್ಲುದು ಆ ಹೆಸರಿನಿಂದಲೇ. ಆಗಷ್ಟೇ ಹದಿನೆಂಟು ತುಂಬುತ್ತಿದ್ದ ಹುಡುಗಿ. ಕೆಮ್ಮು, ಆಗಾಗ ಧ್ವನಿಯೇ ಅಡಗಿಹೋಗುವ ಕಾಯಿಲೆ, ಜೀವನದಲ್ಲಿ ಜುಗುಪ್ಸೆ. ಸಾಯುವ ಮಾತನ್ನು ಬರೆದಿಟ್ಟ ಪತ್ರವೊಂದು ತಂದೆತಾಯಿಯ ಕೈಗೆ ಸಿಕ್ಕಿತ್ತು.

ಅವಳು ಹೇಳಿಕೊಂಡ ಕಥೆ ಹೀಗಿದೆ. ಅವಳ ತಂದೆಗೂ ಮಿತ್ರನೊಬ್ಬನ ಹೆಂಡತಿಗೂ ಗುಟ್ಟಾದ ಸಂಬಂಧವಿತ್ತು. ಆ ಮಿತ್ರ ಇತ್ತ ಈ ಹುಡುಗಿಯ ಬೆನ್ನು ಹತ್ತಿದ್ದ. ಎರಡು ವರ್ಷ ಮೊದಲು ಸರೋವರದ ದಡದಲ್ಲಿ ಅವನು ಮರ್ಯಾದೆ ಮೀರಿದಾಗ ಅವಳು ಕೆನ್ನೆಗೆ ಬಾರಿಸಿ ಬಂದಿದ್ದಳು. ಮನೆಗೆ ಬಂದು ತಿಳಿಸಿದರೆ ತಂದೆ ನಂಬಲಿಲ್ಲ. ಎಲ್ಲವೂ ಅವಳ ಕಲ್ಪನೆಯೆಂದ. ಮಗಳ ತಲೆಯಿಂದ ಈ ಹುಚ್ಚನ್ನು ಬಿಡಿಸಬೇಕೆಂಬುದು ಅವನು ವೈದ್ಯನಲ್ಲಿ ಇಟ್ಟ ಬೇಡಿಕೆ. ಈ ವೈದ್ಯ ಕೆಲವು ವರ್ಷಗಳ ಹಿಂದೆ ತಂದೆಗೂ ಚಿಕಿತ್ಸೆ ಮಾಡಿದವನೇ. ಆಯ್ಕೆ ತಂದೆಯದು, ಹಣ ತಂದೆಯದು. ಕಾಯಿಲೆ ಮಾತ್ರ ಮಗಳದು.

ಫ್ರಾಯ್ಡನಿಗೆ ಅನ್ಯಾಯ ಮಾಡಬಾರದು. ಹುಡುಗಿ ಸುಳ್ಳು ಹೇಳುತ್ತಿಲ್ಲವೆಂದು ಅವನು ನಂಬಿದ. ಅಂದಿನ ವಿಯೆನ್ನಾದಲ್ಲಿ ಅಷ್ಟು ನಂಬಿದವರೇ ವಿರಳ. ಆದರೆ ಅವಳ ಸಂಕಟಕ್ಕೆ ಅವನು ತಾನೇ ಒಂದು ಕಾರಣವನ್ನು ಕಂಡುಕೊಂಡಿದ್ದ: ತನ್ನನ್ನು ಕಾಡಿದ ಆ ಗಂಡಸನ್ನೇ ಅವಳು ಒಳಗೊಳಗೇ ಪ್ರೀತಿಸುತ್ತಾಳೆ ಎಂದು. ಅವಳು ಅಲ್ಲವೆಂದಳು. ಆ 'ಅಲ್ಲ' ಎಂಬುದನ್ನೂ ಅವನು 'ಹೌದು' ಎಂದೇ ಓದಿದ. 1900ರ ಡಿಸೆಂಬರ್ 31ರಂದು ಅವಳು ಬಂದು, ಇದೇ ಕೊನೆಯ ದಿನ ಎಂದಳು. ಹದಿನೈದು ದಿನ ಮೊದಲೇ ನಿರ್ಧರಿಸಿದ್ದೆನೆಂದಳು. ಕೆಲಸ ಬಿಡುವ ಆಳು ಮುಂಗಡ ತಿಳಿಸಿದ ಹಾಗಾಯಿತು ಎಂದು ಫ್ರಾಯ್ಡ್ ಉದ್ಗರಿಸಿದ. ಹನ್ನೊಂದು ವಾರದ ಚಿಕಿತ್ಸೆ ಅಲ್ಲಿಗೆ ಮುಗಿಯಿತು.

ಮುಂದಿನದು ಇನ್ನೂ ಸ್ವಾರಸ್ಯ. ಕೆಲವು ತಿಂಗಳ ತರುವಾಯ ಆ ಮಿತ್ರನ ಮನೆಯಲ್ಲಿ ಮಗುವೊಂದು ತೀರಿಕೊಂಡಿತು. ದುಃಖ ವಿಚಾರಿಸಲು ಹೋದ ಹುಡುಗಿ ಅಲ್ಲಿ ಸತ್ಯವನ್ನು ಹೊರಗೆಳೆದಳು. ಹೆಂಡತಿ ಸಂಬಂಧವನ್ನು ಅಲ್ಲಗಳೆಯಲಿಲ್ಲ. ಗಂಡ ಸರೋವರದ ದಡದ ಘಟನೆಯನ್ನು ಒಪ್ಪಿಕೊಂಡ. 1902ರ ಏಪ್ರಿಲ್ 1ರಂದು ಅವಳು ಫ್ರಾಯ್ಡನ ಬಳಿಗೆ ಮತ್ತೊಮ್ಮೆ ಬಂದು ಇದನ್ನೆಲ್ಲ ತಿಳಿಸಿ ನೆರವು ಕೇಳಿದಳು. ಅವಳ ಕೋರಿಕೆ ನಿಜವೆಂದು ಅವನಿಗೆ ತೋರಲಿಲ್ಲ. ಚಿಕಿತ್ಸೆ ಮತ್ತೆ ಆರಂಭವಾಗಲಿಲ್ಲ. ಆದರೂ 1905ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದಾಗ, ತನ್ನ ಮತ್ತು ರೋಗಿಯ ನಡುವೆ ಏರ್ಪಟ್ಟ ಭಾವಸಂಬಂಧವನ್ನು ಸಕಾಲದಲ್ಲಿ ಗುರುತಿಸದೆ ಹೋದೆನೆಂದು ಅವನು ಒಪ್ಪಿಕೊಂಡ. ಸೋಲನ್ನು ಮುಚ್ಚಿಡದೆ ಬರೆದಿಟ್ಟದ್ದು ಅವನ ದೊಡ್ಡತನ.

ಈ ಸೋಲಿನಿಂದ ಕಲಿಯತಕ್ಕ ಪಾಠವೇನು? ಇಪ್ಪತ್ತನೆಯ ಶತಮಾನದ ಮನಶ್ಶಾಸ್ತ್ರ ಅದನ್ನು ನಿಧಾನವಾಗಿ ಕಲಿಯಿತು. 1936ರಲ್ಲಿ ಅಮೆರಿಕದ ಸಾಲ್ ರೋಸೆನ್‌ಜ್ವೈಗ್ ಎಂಬಾತ, ಬೇರೆಬೇರೆ ಪದ್ಧತಿಗಳೆಲ್ಲ ಒಂದಷ್ಟು ಗುಣ ಕಾಣಿಸುತ್ತಿರುವುದರಿಂದ ಎಲ್ಲಕ್ಕೂ ಸಮಾನವಾದ ಅಂಶಗಳನ್ನು ಹುಡುಕಬೇಕೆಂದೂ, ಚಿಕಿತ್ಸಕನ ವ್ಯಕ್ತಿತ್ವ ಅಂಥದೊಂದು ಅಂಶವೆಂದೂ ವಾದಿಸಿದ. 1957ರಲ್ಲಿ ಕಾರ್ಲ್ ರೋಜರ್ಸ್ ಚಿಕಿತ್ಸಕನಲ್ಲಿ ಮುಖ್ಯವಾಗಿ ಮೂರು ಗುಣಗಳನ್ನು ಬಯಸಿದ: ನಿಷ್ಕಪಟತೆ, ಷರತ್ತಿಲ್ಲದ ಆದರ, ಪರರ ಅನುಭವದೊಳಕ್ಕೆ ಹೊಗುವ ಶಕ್ತಿ. 1979ರಲ್ಲಿ ಎಡ್ವರ್ಡ್ ಬೋರ್ಡಿನ್, ಗುರಿಯಲ್ಲಿ ಒಪ್ಪಂದ, ಮಾಡುವ ಕೆಲಸದಲ್ಲಿ ಒಪ್ಪಂದ, ಇಬ್ಬರ ನಡುವೆ ವಿಶ್ವಾಸ ಎಂಬ ಮೂರನ್ನು ಚಿಕಿತ್ಸೆಯ ಮೂಲವೆಂದ. 2018ರಲ್ಲಿ 295 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಒಡನಾಟ ಗಟ್ಟಿಯಾಗಿದ್ದಲ್ಲಿ ಫಲವೂ ಉತ್ತಮವಾಗಿರುವುದು ಕಂಡುಬಂತು. ಸಂಬಂಧ ಅಳತೆಯಲ್ಲಿ ಮಿತವಾದದ್ದು; ಆದರೆ ಪದ್ಧತಿ ಯಾವುದಿದ್ದರೂ ಕಾಣುವಂಥದು. ಡೋರಾಳ ಚಿಕಿತ್ಸೆಯಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ; ಗುರಿಯನ್ನು ಇಟ್ಟವನೇ ತಂದೆ.

ಎಲ್ಲರಿಗೂ ಒಬ್ಬನೇ ಚಿಕಿತ್ಸಕ ಹೊಂದುವನೆಂದೂ ತಿಳಿಯಬೇಕಿಲ್ಲ. 1973ರಲ್ಲಿ ನಮ್ಮ ದೇಶದ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ, ಪಶ್ಚಿಮದ ಚಿಕಿತ್ಸಕ ಕಾಯ್ದುಕೊಳ್ಳುವ ದೂರ ಭಾರತೀಯ ರೋಗಿಗೆ ಅಷ್ಟಾಗಿ ಒಗ್ಗುವುದಿಲ್ಲವೆಂದು, ಗುರುಶಿಷ್ಯ ಸಂಬಂಧವನ್ನು ಮಾದರಿಯಾಗಿ ಮುಂದಿಟ್ಟರು. ದಾರಿ ತೋರಿಸುವವರು ಬೇಕೆನ್ನುವವರುಂಟು. ಸುಮ್ಮನೆ ಕೇಳಿಸಿಕೊಳ್ಳುವವರು ಸಾಕೆನ್ನುವವರುಂಟು. ತನಗೆ ಬೇಕಾದುದು ಯಾವುದೆಂದು ನೊಂದವರಿಗಿಂತ ಚೆನ್ನಾಗಿ ಬಲ್ಲವರಾರು?

ನಮ್ಮ ಚರಕಸಂಹಿತೆ ರೋಗಿಗೆ ನಾಲ್ಕು ಗುಣಗಳನ್ನು ಹೇಳುತ್ತದೆ: ನೆನಪು, ಹೇಳಿದಂತೆ ನಡೆಯುವುದು, ನಿರ್ಭಯತೆ, ತನ್ನ ನೋವನ್ನು ತಿಳಿಯಹೇಳುವ ಶಕ್ತಿ. ನಾವು ಎರಡನೆಯದೊಂದನ್ನೇ ನೆನಪಿಟ್ಟುಕೊಂಡು ಕೊನೆಯ ಎರಡನ್ನು ಮರೆತಿದ್ದೇವೆ. ಮಾತೇ ಔಷಧಿಯಾದ ಚಿಕಿತ್ಸೆಯಲ್ಲಿ ಈ ಎರಡಿಲ್ಲದೆ ಉಳಿದುದು ವ್ಯರ್ಥ.

ಹಾಗೆಂದು ಕಂಡವರನ್ನು ನಂಬಬೇಕೆಂದಲ್ಲ. ಮೊದಲು ವಿದ್ಯೆಯನ್ನು ವಿಚಾರಿಸಬೇಕು. ಔಷಧಿ ಬರೆಯತಕ್ಕವರು ವೈದ್ಯಪದವಿ ಪಡೆದ ಮನೋವೈದ್ಯರು; ಚಿಕಿತ್ಸಾ ಮನಶ್ಶಾಸ್ತ್ರಜ್ಞರು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ಅದಾದ ಮೇಲೆ ಮೂರು ಪ್ರಶ್ನೆಗಳು. ಇವರು ನನ್ನ ಪರವೋ, ನನ್ನನ್ನು ಕರೆತಂದವರ ಪರವೋ? ನನ್ನ ಮಾತನ್ನು ಕೇಳುತ್ತಿದ್ದಾರೋ, ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಂಡಿದ್ದಾರೋ? ಇವರೆದುರು ನಾನು 'ಅಲ್ಲ' ಎನ್ನಬಲ್ಲೆನೋ? ಒಂದೆರಡು ಭೇಟಿಯಲ್ಲಿ ಎಲ್ಲ ತಿಳಿಯದು. ಹಳೆಯ ಗಾಯ ಮುಟ್ಟಿದಾಗ ನೋಯುವುದು ಸಹಜ. ಆದರೆ ಗಾಯ ಮುಟ್ಟಿದ ನೋವು ಬೇರೆ, ಬಾಯಿ ಕಟ್ಟಿದ ನೋವು ಬೇರೆ. ಎರಡನೆಯದಾದರೆ ಅದನ್ನು ಚಿಕಿತ್ಸಕರಿಗೇ ಹೇಳಿನೋಡಬೇಕು. ಹೇಳಿಯೂ ಫಲವಿಲ್ಲದಿದ್ದರೆ ಬೇರೆಯವರನ್ನು ಹುಡುಕಬೇಕು. ಮಾತನ್ನು ಗುಟ್ಟಾಗಿಡುವುದಂತೂ ಚಿಕಿತ್ಸಕರ ಔದಾರ್ಯವಲ್ಲ. ಕಾಯಿದೆಯೇ ವಿಧಿಸುವ ಕೆಲವು ಸಂದರ್ಭಗಳನ್ನು ಬಿಟ್ಟರೆ, 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಕೊಟ್ಟಿರುವ ಹಕ್ಕು.

ಆ ವಿದ್ಯಾರ್ಥಿನಿ ಕಾಯಿದೆಯನ್ನು ಓದಿರಲಿಲ್ಲ, ಡೋರಾಳ ಹೆಸರನ್ನೂ ಕೇಳಿರಲಿಲ್ಲ. ಮೊದಲನೆಯ ಪ್ರಶ್ನೆಯನ್ನು ಮಾತ್ರ ತಾನಾಗಿಯೇ ಕೇಳಿಕೊಂಡಿದ್ದಳು. ಮರುವರ್ಷ ಅವಳು ತಾನೇ ವಿಚಾರಿಸಿ ಬೇರೊಬ್ಬರ ಬಳಿಗೆ ಹೋದಳೆಂದೂ, ಚೇತರಿಸಿಕೊಂಡು ಪರೀಕ್ಷೆಗೆ ಕುಳಿತಳೆಂದೂ ತಿಳಿಯಿತು. ಈ ಸಲ ಅವಳು ನನ್ನ ಸಲಹೆ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು.