ಓಡಿದರೆ ಮೊಣಕಾಲು ಸವೆಯುತ್ತದೆಯೇ, ಹೃದಯ ನಿಲ್ಲುತ್ತದೆಯೇ? ದೂರದ ಓಟ ಶುರು ಮಾಡುವ ಕರಾವಳಿಗರಿಗೆ

ಕುಂದಾಪುರದ ಗಾಂಧಿ ಮೈದಾನ, ಕೋಡಿಯ ಕಡಲ ತೀರ, ಬೈಂದೂರಿನ ಸೋಮೇಶ್ವರ, ಬ್ರಹ್ಮಾವರ-ಬಾರ್ಕೂರು ರಸ್ತೆ. ಬೆಳಗಿನ ಹೊತ್ತು ಇಲ್ಲೆಲ್ಲ ವಾಕಿಂಗ್ ಹೋಗುವವರ ನಡುವೆ ಓಡುವವರೂ ಕಾಣಸಿಗುತ್ತಾರೆ. ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿ.ಮೀ. ಓಟ ನಡೆಯುತ್ತಿದೆ. ಈಗ ಅಷ್ಟು ದೂರ ಹೋಗಬೇಕೆಂದೂ ಇಲ್ಲ, ಮಣಿಪಾಲ ಮತ್ತು ಮಂಗಳೂರಿನಲ್ಲೇ ಮ್ಯಾರಥಾನ್‌ಗಳು ನಡೆಯುತ್ತವೆ. ಆದರೆ ಶೂ ಕೊಂಡ ವಾರದೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ ಒಂದಲ್ಲ ಒಂದು ಫಾರ್ವರ್ಡ್ ಬಂದೇ ಬರುತ್ತದೆ. "ಓಡಿದರೆ ಗಂಟು ಸವೆಯುತ್ತದೆ", "ನಲವತ್ತು ದಾಟಿದವರು ಓಡಬಾರದು, ಹೃದಯ ನಿಲ್ಲುತ್ತದೆ", "ಹೆಣ್ಣುಮಕ್ಕಳಿಗೆ ಓಟ ಆಗಿಬರುವುದಿಲ್ಲ". ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನಾವು ಇಲ್ಲಿ ನೋಡುತ್ತಿದ್ದೇವೆ.

ಮೊದಲು ಒಂದು ಸಣ್ಣ ತಿದ್ದುಪಡಿ. ನಮ್ಮಲ್ಲಿ ಐದು ಕಿ.ಮೀ. ಜಾಥಾವನ್ನೂ 'ಮ್ಯಾರಥಾನ್' ಎಂದೇ ಬರೆಯುತ್ತಾರೆ. ಮ್ಯಾರಥಾನ್ ಎಂದರೆ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಇಷ್ಟು ದೂರ, 1921ರಲ್ಲಿ ಅದೇ ಅಧಿಕೃತವಾಯಿತು. ಅಂದಾಜಿಗೆ ಹೇಳುವುದಾದರೆ ಕುಂದಾಪುರದಿಂದ ಹೊರಟು ಉಡುಪಿ ದಾಟಿ ಇನ್ನೂ ಮುಂದೆ ಹೋಗಬೇಕು. ಹಾಫ್ ಮ್ಯಾರಥಾನ್ 21.1 ಕಿ.ಮೀ., ಅಂದರೆ ಕುಂದಾಪುರದಿಂದ ಬ್ರಹ್ಮಾವರದ ಹತ್ತಿರ ಹತ್ತಿರ. ಕೆಳಗೆ ಹೇಳುವ ಅಪಾಯದ ಲೆಕ್ಕಗಳು ಈ ದೂರಗಳಿಗೆ ಸಂಬಂಧಿಸಿದವು, ಬೆಳಗಿನ ಮೂರು ಕಿ.ಮೀ. ಓಟಕ್ಕಲ್ಲ.

ಓಡುವಾಗ ಹೃದಯ ನಿಲ್ಲುತ್ತದೆಯೇ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಬಳಿಕ ರಾಜ್ಯದಲ್ಲಿ ವ್ಯಾಯಾಮದ ಬಗ್ಗೆಯೇ ಒಂದು ಭಯ ಹುಟ್ಟಿತು. ಅಷ್ಟು ಕಟ್ಟುಮಸ್ತಾದವರಿಗೇ ಹೀಗಾದರೆ ನಮ್ಮ ಗತಿ ಏನು ಎಂಬುದು ಸಹಜವಾದ ಪ್ರಶ್ನೆ. ಆದರೆ ಒಂದು ಸಾವಿನಿಂದ ಉತ್ತರ ಸಿಗುವುದಿಲ್ಲ. ಲಕ್ಷಗಟ್ಟಲೆ ಜನರನ್ನು ಲೆಕ್ಕ ಹಾಕಬೇಕು.

ಅಂಥ ಲೆಕ್ಕ ಅಮೆರಿಕದಲ್ಲಿ ಎರಡು ಸಲ ನಡೆದಿದೆ. 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಹಾಫ್ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯಲ್ಲಿ 59 ಜನರಿಗೆ ಹೃದಯ ಸ್ತಂಭನವಾಯಿತು, 42 ಜನ ಸತ್ತರು. ಅಂದರೆ ಸುಮಾರು 2.59 ಲಕ್ಷ ಓಟಗಾರರಿಗೆ ಒಂದು ಸಾವು. 2010ರಿಂದ 2023ರವರೆಗಿನ ಎರಡನೇ ಲೆಕ್ಕದಲ್ಲಿ ಸುಮಾರು 2 ಕೋಟಿ 93 ಲಕ್ಷ ಮಂದಿಯಲ್ಲಿ 176 ಹೃದಯ ಸ್ತಂಭನ, 59 ಸಾವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೃದಯ ನಿಲ್ಲುವ ಪ್ರಮಾಣ ಕಡಿಮೆಯಾಗಿಲ್ಲ, ಸಾಯುವ ಪ್ರಮಾಣ ಮಾತ್ರ ಅರ್ಧಕ್ಕೆ ಇಳಿದಿದೆ. ದಾರಿಯಲ್ಲಿ ಬಿದ್ದವರ ಎದೆಯನ್ನು ತಕ್ಷಣ ಒತ್ತುವವರು ಮತ್ತು ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರಗಳು ಹೆಚ್ಚಿದ್ದೇ ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ ಸಂಶೋಧಕರು.

ಆದರೆ ಇವು ಅಮೆರಿಕದ ಅಂಕಿಗಳು. ಭಾರತೀಯರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ, ಸಕ್ಕರೆ ಕಾಯಿಲೆಯೂ ಹೆಚ್ಚು. ಆದ್ದರಿಂದ ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡಿರುವವರು ರೇಸಿಗೆ ಹೆಸರು ಕೊಡುವ ಮೊದಲು ವೈದ್ಯರನ್ನು ಕಾಣಲೇಬೇಕು. ಇಸಿಜಿ ಸರಿ ಬಂದಿತೆಂದು ಪೂರ್ತಿ ನಿಶ್ಚಿಂತೆಯಾಗುವ ಹಾಗೂ ಇಲ್ಲ, ಮಲಗಿ ತೆಗೆದ ಇಸಿಜಿಯಲ್ಲಿ ಎಲ್ಲವೂ ಕಾಣುವುದಿಲ್ಲ.

ನಮ್ಮ ಪ್ರಕಾರ ಓಟಕ್ಕಿಂತ ದೊಡ್ಡ ಅಪಾಯ 'ಗ್ಯಾಸ್ಟ್ರಿಕ್' ಎಂಬ ಪದದಲ್ಲಿದೆ. ಓಡುವಾಗ ಎದೆ ಬಿಗಿಯಿತು, ನೋವು ಎಡಗೈಗೋ ದವಡೆಗೋ ಹರಡಿತು, ತಣ್ಣನೆ ಬೆವರಿತು ಎಂದರೆ ಸೋಡಾ ಕುಡಿದು ಮಲಗುವುದು ನಮ್ಮೂರಿನ ರೂಢಿ. ಅದು ನಿಜವಾಗಿಯೂ ಗ್ಯಾಸ್ ಆಗಿರಬಹುದು, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಇಸಿಜಿ. ಓಟ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಪುನೀತ್ ಹೆಸರಿನಲ್ಲೇ ಸರ್ಕಾರ ತಂದಿರುವ 'ಹೃದಯ ಜ್ಯೋತಿ' ಯೋಜನೆಯಲ್ಲಿ ರಾಜ್ಯದ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. "ಜೋರಾಗಿ ಕೆಮ್ಮಿ ಹೃದಯಾಘಾತ ತಪ್ಪಿಸಿಕೊಳ್ಳಿ" ಎಂಬ ಫಾರ್ವರ್ಡ್ ಸುಳ್ಳು, ಅದನ್ನು ನಂಬಿ ಕಳೆಯುವ ಹತ್ತು ನಿಮಿಷ ಬಹಳ ದುಬಾರಿ. ಪಕ್ಕದವರು ಕುಸಿದು ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಎದೆಯ ನಡುಭಾಗವನ್ನು ಎರಡೂ ಕೈಯಿಂದ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.

ಮೊಣಕಾಲಿನ ಕತೆ

"ಮೊಣಕಾಲಿನ ಮೃದ್ವಸ್ಥಿ ಟಯರ್ ಇದ್ದ ಹಾಗೆ, ಓಡಿದಷ್ಟೂ ಸವೆಯುತ್ತದೆ" ಎಂಬ ಹೋಲಿಕೆ ಕೇಳಲು ಚೆನ್ನಾಗಿದೆ. ಆದರೆ ಟಯರಿಗೆ ಜೀವವಿಲ್ಲ, ಮೃದ್ವಸ್ಥಿಗೆ ಇದೆ. ಅದರೊಳಗೆ ರಕ್ತನಾಳಗಳಿಲ್ಲ, ಸುತ್ತಲಿನ ದ್ರವದಿಂದಲೇ ಅದಕ್ಕೆ ಆಹಾರ ಸಿಗಬೇಕು. ಕಾಲು ಊರಿದಾಗ ಒತ್ತಿ ಎತ್ತಿದಾಗ ಸಡಿಲವಾಗುವುದರಿಂದ ಆ ದ್ರವ ಒಳಗೆ ಹೊರಗೆ ಓಡಾಡುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಒಂದರಲ್ಲಿ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5 ಮಂದಿಗೆ ಮೊಣಕಾಲು ಅಥವಾ ಸೊಂಟದ ಕೀಲು ಸವೆತವಿತ್ತು. ಓಡದೆ ಕುಳಿತೇ ಇರುವವರಲ್ಲಿ ಅದು ಶೇ. 10.2. ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಓಡುವವರಲ್ಲಿ ಮಾತ್ರ ಶೇ. 13.3. ಇದನ್ನು ಹಿಡಿದುಕೊಂಡು "ಓಡಿದರೆ ಕೀಲು ನೋವು ವಾಸಿ" ಎಂದು ಹೊಸ ಫಾರ್ವರ್ಡ್ ಮಾಡಬೇಡಿ. ಕೀಲು ನೋವಿದ್ದವರು ಮೊದಲೇ ಓಟ ಬಿಟ್ಟಿರಬಹುದು, ಓಡುವವರ ತೂಕವೂ ಸಾಮಾನ್ಯವಾಗಿ ಕಡಿಮೆ. ಇಷ್ಟು ಮಾತ್ರ ಹೇಳಬಹುದು: ವಾರಕ್ಕೆ ಮೂರ್ನಾಲ್ಕು ಸಲ ಹಿತಮಿತವಾಗಿ ಓಡುವುದರಿಂದ ಆರೋಗ್ಯವಂತರ ಮೊಣಕಾಲು ಹಾಳಾಗುತ್ತದೆ ಎನ್ನಲು ಆಧಾರವಿಲ್ಲ. ಈಗಾಗಲೇ ಕೀಲು ಸವೆದವರ, ಲಿಗಮೆಂಟ್ ಹರಿದವರ ವಿಷಯ ಬೇರೆ, ಅವರು ಮೂಳೆ ವೈದ್ಯರನ್ನು ಕೇಳಬೇಕು.

ಹೊಸಬರಿಗೆ ನಿಜವಾಗಿ ಬರುವ ತೊಂದರೆಗಳು ಮೊಣಚಿಪ್ಪಿನ ಸುತ್ತ ನೋವು, ಮೊಣಕಾಲಿನ ಕೆಳಗೆ ಮುಂಭಾಗದ ಎಲುಬಿನ ನೋವು, ಹಿಮ್ಮಡಿ ನೋವು. ಬಹುತೇಕ ಇವೆಲ್ಲ ದೇಹ ಒಗ್ಗುವ ಮೊದಲೇ ದೂರ ಹೆಚ್ಚಿಸಿದ್ದರ ಫಲ. ಓಡಿದ ಮರುದಿನದ ಮೈಕೈ ನೋವು ಮಾತ್ರ ಸಹಜ. ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ, ಅದು ಓಟ ನಿಂತ ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ. ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಿ ಆಗುವ ಸೂಕ್ಷ್ಮ ಗಾಯ.

ಕಂಬಳದ ಓಟ, ಮ್ಯಾರಥಾನ್ ಓಟ

2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಬಳಿಕ ಮಿಜಾರಿನ ಶ್ರೀನಿವಾಸ ಗೌಡರು ಉಸೇನ್ ಬೋಲ್ಟ್‌ಗಿಂತ ವೇಗ ಎಂಬ ಫಾರ್ವರ್ಡ್ ದೇಶವೆಲ್ಲ ಸುತ್ತಿತು. ಅವರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ್ದರು. ಅದನ್ನು 100 ಮೀಟರಿಗೆ ಭಾಗಿಸಿ 9.55 ಎಂದು ಯಾರೋ ಲೆಕ್ಕ ಹಾಕಿದರು. ಕೋಣಗಳು ಎಳೆಯುವ ಓಟವನ್ನೂ ಒಬ್ಬಂಟಿ ಓಟವನ್ನೂ ಹಾಗೆ ಹೋಲಿಸಲಾಗದು. ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್ ಕರೆ ಬಂದಾಗ ಗೌಡರು ವಿನಯದಿಂದಲೇ ಒಲ್ಲೆ ಎಂದರು. ಗೆದ್ದವರಿಗಿದ್ದ ವಿವೇಕ ಫಾರ್ವರ್ಡ್ ಮಾಡಿದವರಿಗೆ ಇರಲಿಲ್ಲ.

ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಹದಿಮೂರು ಸೆಕೆಂಡಿನ ಓಟಕ್ಕೆ ಸ್ನಾಯುವಿನಲ್ಲಿ ಮೊದಲೇ ಇರುವ ಶಕ್ತಿ ಹೆಚ್ಚುಕಡಿಮೆ ಸಾಕು. ಒಂದು ಗಂಟೆಯ ಓಟ ನಡೆಯುವುದು ಉಸಿರಿನಿಂದ ಬರುವ ಆಮ್ಲಜನಕದ ಮೇಲೆ. ಹೊಸಬರ ಮುಖ್ಯ ತಪ್ಪು ಎಂದರೆ ದೂರದ ಓಟವನ್ನು ಕಂಬಳದ ಹಾಗೆ ಶುರು ಮಾಡುವುದು. ಓಡುತ್ತಾ ಪಕ್ಕದವರ ಹತ್ತಿರ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅದೇ ನಿಮ್ಮ ವೇಗ. ಅದಕ್ಕೆ ದುಬಾರಿ ವಾಚು ಬೇಡ.

ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತು-ಇಪ್ಪತ್ತೈದು ನಿಮಿಷ. ಇಲ್ಲಿಂದ ಶುರು ಮಾಡಿ ಓಟದ ಭಾಗವನ್ನು ನಿಧಾನಕ್ಕೆ ಹೆಚ್ಚಿಸಿದರೆ ಹೆಚ್ಚಿನವರು ಎಂಟು-ಹತ್ತು ವಾರಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡಬಲ್ಲರು. "ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಡಿ" ಎಂಬ ಪ್ರಸಿದ್ಧ ನಿಯಮವನ್ನು ನೆದರ್ಲೆಂಡ್ಸ್‌ನಲ್ಲಿ 532 ಹೊಸ ಓಟಗಾರರ ಮೇಲೆ ಪರೀಕ್ಷಿಸಿದಾಗ ನಿಯಮ ಪಾಲಿಸಿದವರಿಗೂ ಪಾಲಿಸದವರಿಗೂ ಗಾಯದ ಪ್ರಮಾಣ ಹೆಚ್ಚುಕಡಿಮೆ ಒಂದೇ, ಶೇ. 20ರ ಆಸುಪಾಸು ಇತ್ತು. ವಾರದ ಮೊತ್ತಕ್ಕಿಂತ ಒಂದೇ ದಿನ ಏಕಾಏಕಿ ದೂರ ಓಡುವುದು ಹೆಚ್ಚು ಅಪಾಯ ಎಂದು 2025ರಲ್ಲಿ ಬಂದ ದೊಡ್ಡ ಅಧ್ಯಯನ ಹೇಳುತ್ತದೆ. ಒಟ್ಟಿನಲ್ಲಿ ಐದು ಕಿ.ಮೀ. ಓಡಿ ಅಭ್ಯಾಸವಿರುವವರು ಭಾನುವಾರ ಗೆಳೆಯರ ಮಾತು ಕಟ್ಟಿಕೊಂಡು ಹನ್ನೆರಡು ಓಡಬಾರದು.

ಬೆವರು, ನೀರು, ಬೊಂಡ

"ಬೆವರಿದಷ್ಟೂ ಕೊಬ್ಬು ಕರಗುತ್ತದೆ" ಎಂಬುದು ನಿಜವಾಗಿದ್ದರೆ ನಮ್ಮ ಕರಾವಳಿಯಲ್ಲಿ ದಪ್ಪ ಇರುವವರೇ ಇರುತ್ತಿರಲಿಲ್ಲ. ಬೆವರು ಇರುವುದು ಮೈ ತಂಪಾಗಿಸಲು, ಅದೂ ಆವಿಯಾದರೆ ಮಾತ್ರ. ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ, ಮೈ ಬಿಸಿ ಏರುತ್ತಲೇ ಇರುತ್ತದೆ. ಬೆಂಗಳೂರಿನಿಂದ ಊರಿಗೆ ಬಂದು ಓಡುವವರು ಇದೇ ಕಾರಣಕ್ಕೆ ಸುಸ್ತಾಗುತ್ತಾರೆ. ಸೆಖೆಗೆ ಒಗ್ಗಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಮಾರ್ಚಿನಿಂದ ಮೇವರೆಗೆ ಸೂರ್ಯ ಏರುವ ಮೊದಲೇ ಓಟ ಮುಗಿಸುವುದು ಕ್ಷೇಮ. ಓಡುವವರು ತೊದಲಿದರೆ, ಗೊಂದಲಕ್ಕೊಳಗಾದರೆ, ಅದು ಸುಸ್ತಲ್ಲ, ಉಷ್ಣಾಘಾತ. ತಕ್ಷಣ ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಸುರಿಯುತ್ತಾ ಆಂಬುಲೆನ್ಸ್ ಕರೆಸಿ.

ಹಾಗೆಂದು ಕೊಡಗಟ್ಟಲೆ ನೀರು ಕುಡಿಯುವುದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಕುಸಿದಿತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಕಳೆದುಕೊಂಡದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಈ ತೊಂದರೆ ಜಾಸ್ತಿ. ಬಾಯಾರಿಕೆಯಾದಾಗ ಕುಡಿಯಿರಿ, ಅಷ್ಟು ಸಾಕು. ಬೊಂಡ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು ಸೋಡಿಯಂ ಕಡಿಮೆ, ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ದೂರ ಓಡಿ ಬಂದ ಮೇಲೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮಜ್ಜಿಗೆ ಯಾವ ಬಣ್ಣದ ಬಾಟಲಿ ಪಾನೀಯಕ್ಕೂ ಕಡಿಮೆಯಲ್ಲ. ಬಿಪಿ ಅಥವಾ ಕಿಡ್ನಿ ತೊಂದರೆ ಇದ್ದವರು ಉಪ್ಪಿನ ವಿಷಯ ವೈದ್ಯರನ್ನೇ ಕೇಳಲಿ. ರೇಸಿನ ಬೆಳಿಗ್ಗೆ ನೋವಿನ ಮಾತ್ರೆ ನುಂಗಿ ಓಡುವ ಚಾಳಿಯಂತೂ ಬೇಡ, ನೀರು ಕಡಿಮೆಯಾದ ದೇಹದಲ್ಲಿ ಅದು ಕಿಡ್ನಿಗೆ ಏಟು.

ಜಿಮ್‌ಗಳಲ್ಲಿ ಮಾರುವ ಪುಡಿಗಳ ವಿಷಯಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲೂ, ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ ಗೆದ್ದವರು. 2011ರಲ್ಲಿ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಜಿನ್ಸೆಂಗ್ ಪೂರಕದಲ್ಲಿ ನಿಷೇಧಿತ ವಸ್ತು ಬೆರೆತಿತ್ತು ಎಂಬುದು ಅವರ ವಾದವಾಗಿತ್ತು. ಆದರೂ ಎರಡು ವರ್ಷ ನಿಷೇಧ ತಪ್ಪಲಿಲ್ಲ. ಡಬ್ಬಿಯ ಲೇಬಲ್ ಹೇಳುವುದೇ ಒಳಗಿದೆ ಎಂಬ ಖಾತರಿ ಯಾರಿಗೂ ಇಲ್ಲ.

ಹೆಣ್ಣುಮಕ್ಕಳು ಓಡಿದರೆ ಗರ್ಭಕೋಶ ಜಾರುತ್ತದೆಯೇ?

ಇಲ್ಲ. ಇದು ಬರೀ ನಮ್ಮೂರಿನ ಮೂಢನಂಬಿಕೆಯೂ ಅಲ್ಲ. 1928ರ ಒಲಿಂಪಿಕ್ಸ್ ಬಳಿಕ ಮಹಿಳೆಯರ 800 ಮೀಟರ್ ಓಟವನ್ನೇ ಕೈಬಿಟ್ಟು 1960ರವರೆಗೆ ತರಲಿಲ್ಲ, ಮಹಿಳಾ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಮುಟ್ಟಿನ ದಿನಗಳಲ್ಲಿಯೂ ಮೈ ಹಗುರವೆನಿಸಿದರೆ ಓಡಬಹುದು. ನಿಜವಾಗಿ ಗಮನಿಸಬೇಕಾದದ್ದು ಬೇರೆ: ಓಟ ಹೆಚ್ಚಿಸಿ ಊಟ ಹೆಚ್ಚಿಸದಿದ್ದರೆ ಮುಟ್ಟು ನಿಲ್ಲಬಹುದು, ಎಲುಬು ದುರ್ಬಲವಾಗಬಹುದು. ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಿ. ಹೆರಿಗೆಯಾದವರಿಗೆ ಓಡುವಾಗ ಮೂತ್ರ ಜಿನುಗುವುದು ಸಾಮಾನ್ಯ, ಅದಕ್ಕೆ ವ್ಯಾಯಾಮವಿದೆ. ನಾಚಿಕೊಂಡು ಓಟ ಬಿಡಬೇಕಾಗಿಲ್ಲ.

ಎಲ್ಲಿ ಓಡುವುದು, ಮಳೆಗಾಲದಲ್ಲಿ ಏನು

ಮರವಂತೆಯಲ್ಲಿ ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ನೋಡುತ್ತಾ ಓಡುವ ಆಸೆ ಯಾರಿಗಿಲ್ಲ? ಆದರೆ ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಗಿಂತ ಒಳರಸ್ತೆ, ಶಾಲಾ ಮೈದಾನ ವಾಸಿ. ರಸ್ತೆಯಲ್ಲೇ ಓಡುವುದಾದರೆ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ, ತಿಳಿಬಣ್ಣದ ಬಟ್ಟೆ ತೊಟ್ಟು, ಇಯರ್‌ಫೋನ್ ಇಲ್ಲದೆ ಓಡಿ. ಒಣ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಅಲೆ ಬಡಿಯುವ ಒದ್ದೆ ಮರಳು ಗಟ್ಟಿಯಾಗಿದ್ದರೂ ಇಳಿಜಾರಾಗಿರುತ್ತದೆ, ಒಂದೇ ಕಡೆಗೆ ಓಡಿದರೆ ಒಂದು ಕಾಲಿಗೆ ಭಾರ ಹೆಚ್ಚು. ಹೋದ ದಾರಿಯಲ್ಲೇ ವಾಪಸು ಬನ್ನಿ.

ಜೂನ್ ಬಂದ ಮೇಲೆ ಇನ್ನೊಂದು ಎಚ್ಚರ ಬೇಕು. ಉಡುಪಿ ಜಿಲ್ಲೆಯಲ್ಲಿ ಇಲಿ ಜ್ವರ ಪ್ರತಿ ಮಳೆಗಾಲ ಕಾಣಿಸಿಕೊಳ್ಳುತ್ತದೆ. ಇಲಿ ಮತ್ತು ದನಕರುಗಳ ಮೂತ್ರ ಸೇರಿದ ನಿಂತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ಒಳಸೇರುತ್ತದೆ. ಗದ್ದೆ ಬದಿಯಲ್ಲಿ ಬರಿಗಾಲಲ್ಲಿ ಓಡಬೇಡಿ, ಹಿಮ್ಮಡಿ ಒಡೆದಿದ್ದರೆ, ಶೂ ಕಚ್ಚಿ ಗುಳ್ಳೆ ಎದ್ದಿದ್ದರೆ ಮುಚ್ಚಿಕೊಳ್ಳಿ, ಮನೆಗೆ ಬಂದು ಸಾಬೂನಿನಿಂದ ಕಾಲು ತೊಳೆಯಿರಿ. ಮುಂದಿನ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದನ್ನು ಓಟದ ಮೈಕೈ ನೋವೆಂದು ಕಡೆಗಣಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ನೀರಿನಲ್ಲಿ ಓಡಿದ್ದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ, ತಡವಾದರೆ ಕಿಡ್ನಿ ಮತ್ತು ಯಕೃತ್ತಿಗೆ ತಾಗುತ್ತದೆ.