ಮದುಮಗಳ ಉಡುಪು: ಹೊಲಿಸಿದ್ದು ಮತ್ತು ಎರವಲು ತಂದದ್ದು

ಕಲಬುರಗಿಯ ನಮ್ಮ ಬಂಧುಗಳ ಮನೆಯಲ್ಲಿ ಒಂದು ನಿಕಾಹ್ ನಿಶ್ಚಯವಾಯಿತು. ಮಹ್ರ್, ತಾರೀಖು, ಸಭಾಂಗಣ ಎಲ್ಲವೂ ಒಂದೇ ಸಂಜೆಯಲ್ಲಿ ತೀರ್ಮಾನವಾದವು. ತೀರ್ಮಾನವಾಗದೆ ಉಳಿದದ್ದು ಮದುಮಗಳ ಉಡುಪು. ಹೊಸದಾಗಿ ಜರ್ದೋಸಿ ಕೆಲಸ ಮಾಡಿಸಿ ಹೊಲಿಸಬೇಕೆಂದು ಚಿಕ್ಕಮ್ಮಂದಿರು ಹೇಳಿದರು. ಬಾಡಿಗೆಗೆ ತಂದರೆ ಸಾಕೆಂದು ಹುಡುಗಿಯ ಅಣ್ಣ ಹೇಳಿದ. ತಾಯಿ ಏನೂ ಹೇಳದೆ ಒಳಗೆ ಹೋಗಿ, ತನ್ನ ಮದುವೆಯ ಖಡಾ ದುಪಟ್ಟಾ ಇದ್ದ ಟ್ರಂಕನ್ನು ಎಳೆದು ತಂದರು. ಹುಡುಗಿ ನಮ್ಮ ಕಡೆ ತಿರುಗಿ, "ಮಾಮು, ನೀವು ಪುಸ್ತಕ ಓದುವವರು, ನೀವೇ ಹೇಳಿ" ಎಂದಳು. ಪುಸ್ತಕ ಓದುವವರಿಗೆ ಬಟ್ಟೆಯ ವಿಷಯ ಏನು ಗೊತ್ತು? ಆ ಹೊತ್ತಿಗೆ ನಾವು ಚಹಾ ಕುಡಿದು ಜಾರಿಕೊಂಡೆವು. ಆದರೆ ಪ್ರಶ್ನೆ ಜೊತೆಗೇ ಬಂತು. ಈ ಬರಹ ಅದರ ಫಲ.

ಮದುವೆಗೆಂದೇ, ಒಂದೇ ದಿನಕ್ಕೆಂದೇ ಒಂದು ಉಡುಪು ಹೊಲಿಸುವ ರೂಢಿ ನಾವು ಅಂದುಕೊಂಡಷ್ಟು ಹಳೆಯದಲ್ಲ. ಯುರೋಪಿನಲ್ಲಿಯೂ ಹತ್ತೊಂಬತ್ತನೇ ಶತಮಾನದವರೆಗೆ ಸಾಮಾನ್ಯ ಮನೆಯ ಹೆಣ್ಣು ತನ್ನಲ್ಲಿದ್ದ ಒಳ್ಳೆಯ ಉಡುಪಿನಲ್ಲಿ, ಅದು ಕಂದೋ ನೀಲಿಯೋ ಆಗಿರಲಿ, ಮದುವೆಯಾಗುತ್ತಿದ್ದಳು. ಆಮೇಲೆ ಅದನ್ನೇ ಹಬ್ಬಕ್ಕೆ, ಚರ್ಚಿಗೆ ಉಡುತ್ತಿದ್ದಳು. ಬಿಳಿ ಉಡುಪು ಸಿರಿವಂತರಲ್ಲಿ ಮೊದಲೇ ಇತ್ತಾದರೂ ಅದು ಎಲ್ಲರ ಆಸೆಯಾದದ್ದು 1840ರ ಫೆಬ್ರವರಿ 10ರಂದು ನಡೆದ ವಿಕ್ಟೋರಿಯಾ ರಾಣಿಯ ಮದುವೆಯ ನಂತರ.

ಆ ಉಡುಪಿನ ಹಿಂದೆ ಇದ್ದದ್ದು ಬರೀ ಶೃಂಗಾರವಲ್ಲ. ಜಾನ್ ಹೀತ್‌ಕೋಟ್ ಎಂಬಾತನ ಯಂತ್ರ ಬಂದ ಮೇಲೆ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಕೈಯಿಂದ ಲೇಸ್ ಹೆಣೆಯುತ್ತಿದ್ದ ಹೆಂಗಸರಿಗೆ ಕೆಲಸ ತಪ್ಪಿತ್ತು. ರಾಣಿ ತನ್ನ ಉಡುಪಿನ ರೇಷ್ಮೆಯನ್ನು ಲಂಡನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರಿಂದಲೂ, ಲೇಸನ್ನು ಡೆವನ್‌ನ ಬಿಯರ್ ಎಂಬ ಮೀನುಗಾರರ ಊರಿನ ಸುತ್ತಲ ಹೆಂಗಸರಿಂದಲೂ ಮಾಡಿಸಿದಳು. ಸುಮಾರು ಇನ್ನೂರು ಮಂದಿ ತಿಂಗಳುಗಟ್ಟಲೆ ಅದನ್ನು ಹೆಣೆದರು. ಬೇರೆ ಯಾರೂ ನಕಲು ಮಾಡದಂತೆ ಲೇಸಿನ ವಿನ್ಯಾಸವನ್ನು ಆಮೇಲೆ ನಾಶ ಮಾಡಲಾಯಿತಂತೆ. ತನ್ನ ನಾಡಿನ ಲೇಸಿನವರ ಅನ್ನದ ಚಿಂತೆ ಮಾಡಿದ ಅದೇ ದೊರೆತನದ ಕೆಳಗೆ ಢಾಕಾದ ಮಸ್ಲಿನ್ ನೇಕಾರರ ಮಗ್ಗಗಳು ನಿಂತುಹೋಗುತ್ತಿದ್ದವು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗುವುದಿಲ್ಲ.

ಆದರೆ ಪತ್ರಿಕೆಗಳ ಚಿತ್ರ ನೋಡಿ ಬಿಳಿ ಉಡುಪಿಗೆ ಆಸೆಪಟ್ಟವರು ಗಮನಿಸದೆ ಬಿಟ್ಟ ಒಂದು ಸಂಗತಿಯಿದೆ. ವಿಕ್ಟೋರಿಯಾ ಆ ಲೇಸನ್ನು ಒಂದು ದಿನ ಉಟ್ಟು ಪೆಟ್ಟಿಗೆಗೆ ಹಾಕಲಿಲ್ಲ. ಮಕ್ಕಳ ನಾಮಕರಣಕ್ಕೆ ತೊಟ್ಟಳು, ಮತ್ತೆ ಬೇರೆ ಉಡುಪುಗಳಿಗೆ ಹೊಲಿಸಿಕೊಂಡಳು, 1897ರ ವಜ್ರಮಹೋತ್ಸವದ ಅಧಿಕೃತ ಚಿತ್ರದಲ್ಲೂ ಅದು ಕಾಣುತ್ತದೆ. 1885ರಲ್ಲಿ ಕಿರಿಯ ಮಗಳು ಬಿಯಾಟ್ರಿಸ್ ಮದುವೆಯಾದಾಗ ತನ್ನದೇ ಮುಸುಕಿನ ಲೇಸನ್ನು ಕೊಟ್ಟಳು. ಸಾಮ್ರಾಜ್ಯದ ಒಡತಿ ಮಗಳಿಗೆ ಹಳೆಯ ಮುಸುಕು ಕೊಟ್ಟದ್ದು ಯಾರಿಗೂ ಅವಮಾನವೆನಿಸಲಿಲ್ಲ. ಅದೇ ಕೆಲಸವನ್ನು ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಮಾಡಿದರೆ "ಪಾಪ, ಹೊಲಿಸಲು ಆಗಲಿಲ್ಲ" ಎನ್ನುತ್ತೇವೆ.

ಇದಕ್ಕಿಂತ ಬಹಳ ಹಿಂದಿನ ಒಂದು ಮಾತು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಹಝ್ರತ್ ಆಯಿಶಾ(ರ) ಅವರನ್ನು ಅವರ ಇಳಿವಯಸ್ಸಿನಲ್ಲಿ ಕಾಣಲು ಹೋದವರೊಬ್ಬರು, ಅವರು ಐದು ದಿರ್ಹಮ್ ಬೆಲೆಯ ಒರಟು ಬಟ್ಟೆಯ ನಿಲುವಂಗಿ ತೊಟ್ಟಿದ್ದುದನ್ನು ಕಂಡರು. ತನ್ನ ಮನೆಯ ಸೇವಕಿ ಈಗ ಮನೆಯೊಳಗೂ ಇಂಥದ್ದನ್ನು ತೊಡಲು ಒಪ್ಪುವುದಿಲ್ಲ, ಆದರೆ ಪ್ರವಾದಿಯವರ(ಸ) ಕಾಲದಲ್ಲಿ ತನ್ನಲ್ಲಿ ಇಂಥದೇ ಒಂದು ನಿಲುವಂಗಿ ಇತ್ತು, ಮದೀನಾದಲ್ಲಿ ಸಿಂಗರಿಸಿಕೊಳ್ಳುವ ಹೆಣ್ಣುಮಕ್ಕಳೆಲ್ಲ ಅದನ್ನು ತನ್ನಿಂದ ಕೇಳಿ ಪಡೆಯುತ್ತಿದ್ದರು ಎಂದು ಆಯಿಶಾ(ರ) ನೆನಪಿಸಿಕೊಂಡರು. ಇಮಾಮ್ ಬುಖಾರಿ ಈ ವರದಿಯನ್ನು ಮದುಮಗಳಿಗಾಗಿ ಎರವಲು ಪಡೆಯುವ ಕುರಿತ ಅಧ್ಯಾಯದಲ್ಲಿ ಇಟ್ಟಿದ್ದಾರೆ. ಇದನ್ನು ಸಾಮಾನ್ಯವಾಗಿ ಸರಳತೆಯ ಉಪದೇಶವಾಗಿ ಓದುತ್ತಾರೆ. ನಮಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಒಂದೇ ಪೀಳಿಗೆಯೊಳಗೆ ಒಂದು ಊರಿನ ರುಚಿ ಎಷ್ಟು ಬದಲಾಯಿತೆಂಬ ಇತಿಹಾಸ ಅಲ್ಲಿದೆ. ಮೊನ್ನೆ ಮದುಮಗಳ ಸಿಂಗಾರವಾಗಿದ್ದದ್ದು ಇಂದು ಸೇವಕಿಗೂ ಬೇಡವಾದ ಬಟ್ಟೆಯಾಗಿತ್ತು. ಸಂಪತ್ತು ಬಂದ ಮೇಲೆ ಎಲ್ಲ ಊರುಗಳಲ್ಲೂ ನಡೆಯುವುದು ಇದೇ ಅಲ್ಲವೇ?

ಸಂಪತ್ತು ಹೋದಾಗ ಏನಾಗುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಬ್ರಿಟನ್ ಒಳ್ಳೆಯ ಉದಾಹರಣೆ. 1941ರ ಜೂನ್ 1ರಂದು ಅಲ್ಲಿ ಬಟ್ಟೆಗೆ ಪಡಿತರ ಬಂತು. ಮೊದಲ ವರ್ಷ ಒಬ್ಬರಿಗೆ 66 ಕೂಪನ್. ಒಂದು ಉಣ್ಣೆಯ ಉಡುಪಿಗೇ 11 ಕೂಪನ್ ಬೇಕು. ಮುಂದಿನ ವರ್ಷಗಳಲ್ಲಿ ಪಾಲು ಇನ್ನೂ ಇಳಿಯಿತು. ಕೈಯಲ್ಲಿ ಹಣವಿದ್ದರೂ ಕೂಪನ್ ಇಲ್ಲದೆ ಬಟ್ಟೆ ಇಲ್ಲ. ಹೀಗಿರುವಾಗ ಒಂದು ದಿನದ ಬಿಳಿ ಉಡುಪಿಗೆ ವರ್ಷದ ಕೂಪನ್ ಸುರಿಯುವವರು ಯಾರು? ಕೆಲವರು ಸೇನೆಯ ಸಮವಸ್ತ್ರದಲ್ಲೇ ಮದುವೆಯಾದರು. ಕೆಲವರು ಕಿಟಕಿಯ ಪರದೆಯ ಜಾಳಿಗೆ ಬಟ್ಟೆಯನ್ನೂ ಪ್ಯಾರಾಚೂಟಿನ ರೇಷ್ಮೆಯನ್ನೂ ಕತ್ತರಿಸಿ ಹೊಲಿದರು. ಉಳಿದವರು ಅಕ್ಕನದೋ ಗೆಳತಿಯದೋ ಉಡುಪು ಕೇಳಿ ತಂದರು. ಕಾದಂಬರಿಕಾರ್ತಿ ಬಾರ್ಬರಾ ಕಾರ್ಟ್‌ಲ್ಯಾಂಡ್ ಸೇನೆಯಲ್ಲಿದ್ದ ಹುಡುಗಿಯರಿಗಾಗಿ ಹಳೆಯ ಮದುವೆ ಉಡುಪುಗಳನ್ನು ಕೊಂಡು ಕೂಡಿಟ್ಟು ಎರವಲು ಕೊಡುವ ಏರ್ಪಾಡು ಮಾಡಿದಳು. ಅಮೆರಿಕದ ಹೆಂಗಸರು ದಾನ ಮಾಡಿದ ಉಡುಪುಗಳೂ ಹಡಗಿನಲ್ಲಿ ಬಂದವು. ಒಂದೇ ಉಡುಪು ಹಲವು ಮದುಮಗಳಂದಿರ ಮೈಗೆ ಬಿಗಿಯಾಗಿಯೂ ಸಡಿಲವಾಗಿಯೂ ಕೂತಿತು. ಎಲ್ಲರೂ ಎರವಲು ತರುವ ಕಾಲದಲ್ಲಿ ಎರವಲಿಗೆ ನಾಚಿಕೆ ಇರುವುದಿಲ್ಲ.

ಹೊಲಿಸಲೇಬೇಕೆಂದು ಹಟ ಹಿಡಿದವರೂ ಇದ್ದರು. ಅವರ ಹಟವನ್ನು ಆಡಂಬರವೆಂದು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ. ಜರ್ಮನಿಯ ಬೆರ್ಗೆನ್-ಬೆಲ್ಸನ್ ಯಾತನಾ ಶಿಬಿರದ ನರಕದಿಂದ ಬದುಕಿ ಉಳಿದ ಲಿಲ್ಲಿ ಎಂಬ ಯಹೂದಿ ಯುವತಿ, ಅಲ್ಲಿಯೇ ನಿರಾಶ್ರಿತರ ಶಿಬಿರದಲ್ಲಿ ಲುಡ್ವಿಗ್ ಫ್ರೀಡ್‌ಮನ್ ಎಂಬವನನ್ನು ಮದುವೆಯಾಗಲು ಒಪ್ಪಿದಳು. ತನಗೆ ಬಿಳಿ ಉಡುಪೇ ಬೇಕೆಂದಳು. ಮೈಮೇಲೆ ಹಾಕಲು ಬೇರೆ ಬಟ್ಟೆಯೇ ಇಲ್ಲದ ಜಾಗದಲ್ಲಿ! ಲುಡ್ವಿಗ್ ಎರಡು ಪೌಂಡ್ ಕಾಫಿ ಬೀಜ ಮತ್ತು ಸಿಗರೇಟುಗಳನ್ನು ಕೊಟ್ಟು ಒಂದು ಪ್ಯಾರಾಚೂಟ್ ಸಂಪಾದಿಸಿದ. ಶಿಬಿರದಲ್ಲಿದ್ದ ಮಿರಿಯಂ ಎಂಬ ದರ್ಜಿ ಅದನ್ನು ಬಿಚ್ಚಿ, ಕತ್ತರಿಸಿ, ಉದ್ದ ತೋಳಿನ ಉಡುಪಾಗಿ ಹೊಲಿದಳು. ಉಳಿದ ಬಟ್ಟೆಯಲ್ಲಿ ಮದುಮಗನಿಗೊಂದು ಅಂಗಿಯಾಯಿತು. 1946ರ ಜನವರಿ 27ರಂದು ಮದುವೆ ನಡೆಯಿತು.

ಲಿಲ್ಲಿಗೆ ಅದು ತನ್ನ ಅಳತೆಗೇ ಹೊಲಿದ ಉಡುಪು. ಹೆಸರಿನ ಬದಲು ಸಂಖ್ಯೆಯಾಗಿ ಬದುಕಿದವಳಿಗೆ ತನ್ನ ಅಳತೆ ತೆಗೆಸಿಕೊಳ್ಳುವುದೇ ಎಷ್ಟು ದೊಡ್ಡದಾಗಿ ಕಂಡಿರಬೇಡ! ಮದುವೆಯ ನಂತರ ಅವಳ ತಂಗಿ ಅದನ್ನು ಕೇಳಿದಳು, ಆಮೇಲೆ ದಾಯಾದಿ ಸೋದರಿ ಕೇಳಿದಳು, ಆಮೇಲೆ ಗೆಳತಿಯರು. ಹದಿನೇಳರ ನಂತರ ಲೆಕ್ಕ ಇಡುವುದನ್ನೇ ಬಿಟ್ಟೆ ಎಂದು ಲಿಲ್ಲಿ ಮುಂದೆ ಹೇಳಿದ್ದುಂಟು. ಆ ಉಡುಪು ಕೊನೆಗೆ ಬೆರ್ಗೆನ್-ಬೆಲ್ಸನ್‌ನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂತು.

ಇದಾದ ಮರುವರ್ಷ, 1947ರ ನವೆಂಬರ್ 20ರಂದು, ಲಂಡನಿನಲ್ಲಿ ರಾಜಕುಮಾರಿ ಎಲಿಜಬೆತ್‌ಳ ಮದುವೆ. ಬಟ್ಟೆಯ ಪಡಿತರ ಆಗಲೂ ಮುಗಿದಿರಲಿಲ್ಲ, ಅದು ಮುಗಿದದ್ದು 1949ರ ಮಾರ್ಚಿನಲ್ಲಿ. ನಾರ್ಮನ್ ಹಾರ್ಟ್‌ನೆಲ್ ಎಂಬ ವಿನ್ಯಾಸಕಾರನ ಕೈಕೆಳಗೆ 350 ಹೆಂಗಸರು ಏಳು ವಾರ ದುಡಿದು, ಅಮೆರಿಕದಿಂದ ತರಿಸಿದ ಹತ್ತು ಸಾವಿರ ಸಣ್ಣ ಮುತ್ತುಗಳನ್ನು ಹೊಲಿದು ಉಡುಪು ಸಿದ್ಧಪಡಿಸಿದರು. ರೇಷ್ಮೆಯ ಹುಳು ಶತ್ರುದೇಶ ಜಪಾನಿನದೋ ಎಂಬ ತಕರಾರು ಎದ್ದು, ಅದು ಚೀನಾದ್ದೆಂದು ಸ್ಪಷ್ಟನೆ ಕೊಡಬೇಕಾಯಿತು. ಸರಕಾರ ರಾಜಕುಮಾರಿಗೆ ಹೆಚ್ಚುವರಿ ಕೂಪನ್ ಮಂಜೂರು ಮಾಡಿತು. ಆದರೂ ದೇಶದ ನಾನಾ ಕಡೆಯ ಬಡ ಹೆಂಗಸರು ತಮ್ಮ ಪಾಲಿನ ಕೂಪನ್‌ಗಳನ್ನು ಅಂಚೆಯಲ್ಲಿ ಆಕೆಗೆ ಕಳಿಸಿದರು. ಒಬ್ಬರ ಕೂಪನನ್ನು ಇನ್ನೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವಾಗಿದ್ದುದರಿಂದ ಅವುಗಳನ್ನು ಹಿಂದಿರುಗಿಸಲಾಯಿತು. ಆ ಮದುವೆಗೆ ಗಾಂಧೀಜಿಯಿಂದಲೂ ಉಡುಗೊರೆ ಹೋಗಿತ್ತು, ತಾವೇ ನೂತ ನೂಲಿನಿಂದ ಹೆಣೆಸಿದ ಒಂದು ಸಣ್ಣ ಹತ್ತಿಯ ವಸ್ತ್ರ. ಮುತ್ತಿನ ಉಡುಪಿನ ಅರಮನೆಯಲ್ಲಿ ಹಿರಿಯ ರಾಣಿ ಮೇರಿಗೆ ಅದು ಹಿಡಿಸಲಿಲ್ಲವೆಂದು ದಾಖಲೆಯಿದೆ.

ನೂಲಿನ ಮಾತು ಬಂದಾಗ 1942ರ ಮಾರ್ಚ್ 26ರ ಇನ್ನೊಂದು ಮದುವೆ ನೆನಪಾಗುತ್ತದೆ. ಅಂದು ಅಲಹಾಬಾದಿನಲ್ಲಿ ಇಂದಿರಾ ನೆಹರೂ ಉಟ್ಟದ್ದು, ತಂದೆ ಜವಾಹರಲಾಲ್ ಸೆರೆಮನೆಯಲ್ಲಿ ನೂತ ನೂಲಿನಿಂದ ನೇಯಿಸಿದ ತೆಳುಗೆಂಪು ಖಾದಿ ಸೀರೆ. ಹೇಳಿ ಮಾಡಿಸಿದ ಉಡುಪು ಎಂದರೆ ಇದಕ್ಕಿಂತ ಹೆಚ್ಚಿನದು ಬೇರೆ ಯಾವುದು? ಜಗತ್ತಿನ ಯಾವ ಅಂಗಡಿಯೂ ಅದನ್ನು ಮಾರಲಾರದು. ಆ ಸೀರೆಯೂ ಒಬ್ಬಳಲ್ಲೇ ನಿಲ್ಲಲಿಲ್ಲ. 1968ರಲ್ಲಿ ಸೊಸೆ ಸೋನಿಯಾ, 1997ರಲ್ಲಿ ಮೊಮ್ಮಗಳು ಪ್ರಿಯಾಂಕಾ ತಮ್ಮ ಮದುವೆಗೆ ಅದನ್ನೇ ಉಟ್ಟರು.

ಸೀರೆಗೆ ಈ ಅನುಕೂಲವಿದೆ. ಅದಕ್ಕೆ ಅಳತೆಯಿಲ್ಲ. ಅಜ್ಜಿಯದು ಮೊಮ್ಮಗಳಿಗೆ ಆಗುತ್ತದೆ, ರವಿಕೆಯೊಂದನ್ನು ಹೊಸದಾಗಿ ಹೊಲಿಸಿದರೆ ಮುಗಿಯಿತು. ಹೈದರಾಬಾದಿನ ಖಡಾ ದುಪಟ್ಟಾದಲ್ಲಿ ಎರಡೂ ಗುಣಗಳಿವೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ನಮ್ಮ ಆ ಭಾಗದ ಮುಸ್ಲಿಮ್ ಮನೆಗಳಲ್ಲೂ ಮದುಮಗಳ ಉಡುಪೆಂದರೆ ಅದೇ. ಆರು ಗಜದ ದುಪಟ್ಟಾಕ್ಕೆ ಹೊಲಿಗೆಯಿಲ್ಲ, ಅದನ್ನು ಮೈಸುತ್ತ ಹೊದಿಸಿ ಭುಜದ ಮೇಲೆ ಪಿನ್ನು ಹಾಕಿ ನಿಲ್ಲಿಸುತ್ತಾರೆ. ಒಳಗಿನ ಕುರ್ತಿ ಮತ್ತು ಪೈಜಾಮ ಮಾತ್ರ ಅಳತೆಯವು. ಹಿಂದೆ ಈ ದುಪಟ್ಟಾಗಳ ಜರಿಯಲ್ಲಿ ನಿಜವಾದ ಬೆಳ್ಳಿಯಿರುತ್ತಿತ್ತು. ಕಷ್ಟಕಾಲದಲ್ಲಿ ಎಷ್ಟೋ ಮನೆಗಳು ಅವನ್ನು ಹಳೆ ಜರಿ ಕೊಳ್ಳುವವರಿಗೆ ಮಾರಿದವು, ಅವರು ಬಟ್ಟೆಯನ್ನು ಸುಟ್ಟು ಬೆಳ್ಳಿ ತೆಗೆದುಕೊಂಡರು. ಉಳಿದುಕೊಂಡಿರುವ ಪ್ರತಿಯೊಂದು ಹಳೆಯ ದುಪಟ್ಟಾದ ಹಿಂದೆ ಮಾರದೆ ಉಳಿಸಿಕೊಂಡ ಒಬ್ಬ ಹೆಂಗಸಿದ್ದಾಳೆ.

ಹಾಗೆಂದು ಹೊಸದು ಹೊಲಿಸುವುದೇ ತಪ್ಪೆನ್ನುವವರ ಜೊತೆ ನಾವಿಲ್ಲ. ಜರ್ದೋಸಿಯ ಚೌಕಟ್ಟಿನ ಮುಂದೆ ಬೆನ್ನು ಬಾಗಿಸಿ ಕೂತವನ ಹೊಟ್ಟೆ ತುಂಬುವುದು ಯಾರಾದರೂ ಹೊಲಿಸಿದರೆ ತಾನೇ? ನಾಮದೇವ ಸಿಂಪಿಗಳಿಂದ ಹಿಡಿದು ಮಸೀದಿ ಬೀದಿಯ ದರ್ಜಿಗಳವರೆಗೆ ಈ ನಾಡಿನ ಎಷ್ಟು ಮನೆಗಳ ಒಲೆ ಮದುವೆಯ ತಿಂಗಳುಗಳಲ್ಲಿ ಉರಿಯುತ್ತದೆ! ನಮ್ಮ ತಕರಾರು ಸಾಲದ ಬಗ್ಗೆ, ಒಂದು ಮನೆಯವರು ಹೊಲಿಸಿದರೆಂದು ಅದಕ್ಕಿಂತ ಭಾರದ್ದನ್ನು ಇನ್ನೊಂದು ಮನೆಯವರು ಹೊಲಿಸಲೇಬೇಕೆಂಬ ಒತ್ತಾಯದ ಬಗ್ಗೆ. ಆ ಒತ್ತಾಯಕ್ಕೆ ಹೆದರಿ ಮದುವೆಯನ್ನೇ ಮುಂದೂಡಿದವರನ್ನು ನಾವು ಬಲ್ಲೆವು. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ತೂತ ಎಂಬ ಊರಿನಲ್ಲಿ ನಾಸರ್ ತೂತ ಎಂಬವರು 2020ರಲ್ಲಿ ತಮ್ಮ ಮನೆಯಲ್ಲೇ ಮದುವೆ ಉಡುಪುಗಳ 'ಡ್ರೆಸ್ ಬ್ಯಾಂಕ್' ತೆರೆದರು. ಒಮ್ಮೆ ಉಟ್ಟು ಕಪಾಟಿನಲ್ಲಿ ಕೊಳೆಯುತ್ತಿದ್ದ ಉಡುಪುಗಳನ್ನು ಸಂಗ್ರಹಿಸಿ, ಶುಚಿಮಾಡಿಸಿ, ಯಾವ ಧರ್ಮದವರೆಂದು ನೋಡದೆ ಬಡ ಮದುಮಗಳಂದಿರಿಗೆ ಉಚಿತವಾಗಿ ಕೊಟ್ಟರು.

ಕಳೆದ ವಾರ ಕಲಬುರಗಿಗೆ ಮತ್ತೆ ಹೋಗಿದ್ದೆವು. ಹುಡುಗಿ ತಾಯಿಯ ದುಪಟ್ಟಾವನ್ನೇ ಆರಿಸಿಕೊಂಡಿದ್ದಳು, ನಾವು ಹೇಳಿ ಅಲ್ಲ. ಅದರ ಬಣ್ಣ ಈಗ ಎಲ್ಲೂ ಸಿಗುವುದಿಲ್ಲ ಎಂಬುದಷ್ಟೇ ಅವಳ ಕಾರಣ. ಕುರ್ತಿ ಮಾತ್ರ ಎದೆಯಲ್ಲಿ ಬಿಗಿ. ಹೊಸದು ಹೊಲಿಸೋಣವೆಂದು ಚಿಕ್ಕಮ್ಮ ಅದನ್ನು ದರ್ಜಿಯ ಬಳಿ ಅಳತೆಗೆ ಒಯ್ದರು. ವಯಸ್ಸಾದ ದರ್ಜಿ ಕುರ್ತಿಯನ್ನು ಒಳಮುಖ ಮಾಡಿ, ಬೆಳಕಿಗೆ ಹಿಡಿದು, ಪಕ್ಕದ ಹೊಲಿಗೆಯ ಒಳಗೆ ಮಡಿಚಿ ಬಿಟ್ಟಿದ್ದ ಎರಡು ಬೆರಳಗಲದ ಬಟ್ಟೆಯನ್ನು ತೋರಿಸಿದರು. "ಇದನ್ನು ಹೊಲಿದವರು ಬಿಚ್ಚಲೆಂದೇ ಬಿಟ್ಟಿದ್ದಾರೆ ಅಮ್ಮಾ, ಗುರುವಾರ ಬನ್ನಿ" ಎಂದರು.