ದಂಡಿನ ಕುದುರೆಗೆ ನಮ್ಮ ಹುರುಳಿ

ಕೊಲ್ಲಿ ದೇಶಗಳ ರೇಸ್ ಒಂಟೆಗಳಿಗೆ ಏನೇನು ತಿನ್ನಿಸುತ್ತಾರೆ ಎನ್ನುವ ವಿಡಿಯೊಗಳನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಖರ್ಜೂರ, ಜೇನು, ಹಾಲು, ಬಾರ್ಲಿ, ಜೊತೆಗೆ ಹಸಿರು ಮೇವಿನ ಕಂತೆ. ಆ ಹಸಿರು ಮೇವು ಬೇರೇನೂ ಅಲ್ಲ, ನಾವು ಹಸುಗಳಿಗೆ ಬೆಳೆಯುವ ಲೂಸರ್ನ್. ಕನ್ನಡದಲ್ಲಿ ಅದಕ್ಕೆ ಕುದುರೆ ಮಸಾಲೆ ಎಂದು ಹೆಸರು. ಅದರ ಇನ್ನೊಂದು ಹೆಸರು ಆಲ್ಫಾಲ್ಫಾ. ಆ ಪದದ ಬೇರು ಹುಡುಕಿದರೆ ಅರಬ್ಬಿ ದಾಟಿ ಪರ್ಷಿಯನ್ನಿಗೆ ಹೋಗುತ್ತದೆ. ಅಲ್ಲಿ ಅದರ ಅರ್ಥ ಕುದುರೆಯ ಮೇವು ಎಂದೇ.

ನಮ್ಮಲ್ಲಿ ಒಂಟೆ ರೇಸ್ ಇಲ್ಲ. ಆದರೆ ಬೆಂಗಳೂರಿನ ದಂಡು ಪ್ರದೇಶ ನೂರು ವರ್ಷಕ್ಕೂ ಹೆಚ್ಚು ಕಾಲ ಕುದುರೆಗೆ ತಿನ್ನಿಸಿದ ಜಾಗ. ಇವತ್ತಿನ ಕಾಮರಾಜ್ ರಸ್ತೆಯ ಹಳೆಯ ಹೆಸರು ಕ್ಯಾವಲ್ರಿ ರಸ್ತೆ, ಅಂದರೆ ಅಶ್ವದಳದ ರಸ್ತೆ.

ಕುದುರೆ, ಎತ್ತಿಗೆ ಮೇವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇಂಗ್ಲಿಷರು ಇದೇ ನೆಲದಲ್ಲಿ ಕಲಿತರು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೂ ಹೋದ. ಆದರೆ ಟಿಪ್ಪುವಿನ ಕಡೆಯವರು ದಾರಿಯ ಮೇವು, ದವಸವನ್ನೆಲ್ಲ ಇಲ್ಲದಂತೆ ಮಾಡಿದ್ದರು. ಕುದುರೆಗಳು ಬಡಕಲಾದವು, ಎತ್ತುಗಳು ಸಾಲುಸಾಲಾಗಿ ಬಿದ್ದವು. ದೊಡ್ಡ ತೋಪುಗಳನ್ನು ಎಳೆಯುವವರಿಲ್ಲದೆ ಅವನ್ನು ತಾವೇ ಹಾಳುಮಾಡಿ ಸೈನ್ಯ ಹಿಂದಿರುಗಿತು. ಮುಂದೆ ಆ ಸೈನ್ಯಕ್ಕೆ ಎತ್ತುಗಳ ಮೇಲೆ ದವಸ ಹೊತ್ತು ತಂದವರಲ್ಲಿ ಮುಖ್ಯರಾದವರು ಬಂಜಾರರು, ನಮ್ಮ ಲಂಬಾಣಿಗಳು. ಯುದ್ಧದ ಕಥೆಯಲ್ಲಿ ಅವರ ಹೆಸರು ಬರುವುದು ಕಡಿಮೆ.

1809ರಲ್ಲಿ ಹಲಸೂರಿನ ಸುತ್ತ ದಂಡು ನೆಲೆಯೂರಿತು. ಈಗ ಲೆಕ್ಕ ನೋಡಿ. 450 ಕಿಲೋ ತೂಗುವ ಕುದುರೆಗೆ ದೇಹತೂಕದ ನೂರಕ್ಕೆ ಎರಡು ಪಾಲು ಒಣ ಆಹಾರ ಬೇಕು, ಅಂದರೆ ದಿನಕ್ಕೆ ಸುಮಾರು 9 ಕಿಲೋ. 500 ಕುದುರೆಗಳಿದ್ದರೆ ದಿನಕ್ಕೆ ನಾಲ್ಕೂವರೆ ಟನ್. ಪ್ರತಿದಿನ!

ಉತ್ತರ ಭಾರತದಲ್ಲಿ ಕುದುರೆಗೆ ಕಡಲೆ ಹಾಕುತ್ತಿದ್ದರು, ಮದ್ರಾಸು ಕಡೆ ಹುರುಳಿ. ಇಂಗ್ಲಿಷಿನಲ್ಲಿ ಹುರುಳಿಗೆ 'ಹಾರ್ಸ್ ಗ್ರಾಂ' ಎಂಬ ಹೆಸರು ಬಿದ್ದದ್ದು ಹೀಗೆ. ಗ್ರಾಂ ಎಂದರೆ ಪೋರ್ಚುಗೀಸರ ಬಾಯಲ್ಲಿ ಬರೀ ಕಾಳು. ಹುರುಳಿಯನ್ನು ಬೇಯಿಸಿಯೇ ಹಾಕಬೇಕಿತ್ತು. ಹಸಿ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿದೆ, ಬೆಂದರೆ ಕಡಿಮೆಯಾಗುತ್ತದೆ. ಕುದುರೆಗೆ ಹಸುವಿನಂತೆ ಮೆಲುಕು ಹಾಕುವ ಹೊಟ್ಟೆಯಿಲ್ಲ, ವಾಂತಿ ಮಾಡಲೂ ಆಗದು. ತಪ್ಪು ತಿಂದರೆ ಹೊಟ್ಟೆಶೂಲೆ ಬಂದು ಸಾಯಲೂಬಹುದು. ನಮ್ಮ ಹಳ್ಳಿಗಳಲ್ಲಿ ಎತ್ತಿಗೂ ಹುರುಳಿ ಬೇಯಿಸಿಯೇ ಹಾಕುತ್ತಿದ್ದುದು, ಕಟ್ಟು ಬಸಿದು ಮನೆಯವರಿಗೆ ಸಾರು. ಒಂದೇ ಒಲೆಯಲ್ಲಿ ಇಬ್ಬರಿಗೂ ಊಟ.

ಅದಕ್ಕೂ ಎಷ್ಟೋ ಹಿಂದೆ, 13ನೇ ಶತಮಾನದ ಕೊನೆಯಲ್ಲಿ, ಮಾರ್ಕೊ ಪೋಲೊ ತಮಿಳು ಕರಾವಳಿಯ ಬಗ್ಗೆ ಬರೆದಿದ್ದ. ಅರಬ್ ಕಡೆಯಿಂದ ಬಂದ ಬೆಲೆಬಾಳುವ ಕುದುರೆಗಳಿಗೆ ಅನ್ನ, ಮಾಂಸ ಬೇಯಿಸಿ ಹಾಕುತ್ತಾರೆ, ಆರೈಕೆ ಗೊತ್ತಿಲ್ಲದೆ ಅವು ಸಾಯುತ್ತವೆ ಎಂದು. ನಮಗೆ ಅವನ ಮಾತು ಪೂರ್ತಿ ನಂಬಲು ಮನಸ್ಸಿಲ್ಲ. ಕುದುರೆ ಮಾರುವವರ ಬಾಯಿಂದ ಕೇಳಿದ ಮಾತಿನಂತಿದೆ.

ಕಾಳಿಗಿಂತ ಕಷ್ಟದ್ದು ಹುಲ್ಲು. ಆ ಕಾಲದಲ್ಲಿ ಕುದುರೆಗೊಬ್ಬ ಸೈಸ, ಅವನ ಜೊತೆ ಹುಲ್ಲು ಕೆತ್ತುವವರೊಬ್ಬರು ಇರುವುದು ವಾಡಿಕೆ. ಎಷ್ಟೋ ಕಡೆ ಅದು ಸೈಸನ ಹೆಂಡತಿಯ ಕೆಲಸ. ಬೇಸಿಗೆಯಲ್ಲಿ ಮೇಲಿನ ಹುಲ್ಲು ಒಣಗಿದಾಗ ಕೂತು ಗರಿಕೆಯನ್ನು ಬೇರು ಸಮೇತ ಕೆತ್ತಬೇಕು, ಮಣ್ಣು ಬಡಿದು ತೊಳೆಯಬೇಕು, ಹೊರೆ ಹೊತ್ತು ಲಾಯಕ್ಕೆ ತರಬೇಕು. ಸೈಸರಿಗೆ ಅಶ್ವದಳದ ಚರಿತ್ರೆಯಲ್ಲಿ ಒಂದೆರಡು ಸಾಲಾದರೂ ಸಿಗುತ್ತದೆ. ಈ ಹೆಂಗಸರಿಗೆ ಅದೂ ಇಲ್ಲ. 1896ರಲ್ಲಿ 4ನೇ ಹುಸಾರ್ಸ್ ದಳದ ಜೊತೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್‌ನ ಪೋಲೊ ಆಟ ಮಾತ್ರ ಎಲ್ಲರಿಗೂ ಗೊತ್ತು.

ಇನ್ನೊಂದು ಲೆಕ್ಕವೂ ಇದೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ದರು. 1881ರಲ್ಲಿ ಸುಮಾರು 42 ಲಕ್ಷ. ನಡುವೆ 1876–78ರ ಬರ. ಹುರುಳಿ ಬಡವರ ಕಾಳೂ ಹೌದು, ಲಾಯದ ಕಾಳೂ ಹೌದು. ಹಳ್ಳಿಯವನ ಕೈಯಲ್ಲಿ ಕಾಸಿಲ್ಲದಾಗಲೂ ದಂಡಿನ ಕೈಯಲ್ಲಿ ಕಾಸಿತ್ತು. ಸಂತೆಯಲ್ಲಿ ಕಾಳು ಯಾವ ಕಡೆ ಹೋಗುತ್ತದೆ ಎನ್ನುವುದು ಬೇಸಾಯ ಮಾಡಿದವರಿಗೆ ಹೇಳಬೇಕಾಗಿಲ್ಲ.

ಬೆಂಗಳೂರಿನ ಕುದುರೆಗೆ ಒಂಟೆಯ ನಂಟು ಬಂದದ್ದು 1914ರಲ್ಲಿ. ಮೈಸೂರು ಲ್ಯಾನ್ಸರ್ಸ್ ದಳ ಸೂಯೆಜ್ ಕಾಲುವೆ ಕಾಯಲು ಹೋಯಿತು. ಅಲ್ಲಿ ಬಿಕಾನೇರಿನ ಒಂಟೆ ದಳವೂ ಇತ್ತು. ಮರಳುಗಾಡಿನಲ್ಲಿ ಹುರುಳಿ ಎಲ್ಲಿಂದ ಬರಬೇಕು? ಬಾರ್ಲಿ ಮತ್ತು ಕತ್ತರಿಸಿದ ಒಣಹುಲ್ಲೇ ಅಲ್ಲಿನ ಕುದುರೆಗಳ ಆಹಾರ. ಸೈನ್ಯಕ್ಕೆ ನೀರು, ಸಾಮಾನು ಹೊತ್ತದ್ದು ಸಾವಿರಾರು ಒಂಟೆಗಳು. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದವರಲ್ಲಿ ಈ ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಜೆ.ಸಿ. ನಗರದ ಕಡೆ ಇದೆ.

ಈಗ ರೇಸ್ ಕುದುರೆಗಳಿಗೆ ಓಟ್ಸ್, ಬೂಸಾ, ಲೂಸರ್ನ್, ಮೇಲೆ ವಿಟಮಿನ್ನು, ಖನಿಜದ ಪುಡಿ. ಮದುವೆ ಮೆರವಣಿಗೆಗೆ, ಗಾಡಿಗೆ ಕುದುರೆ ಸಾಕಿದವರು ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿಗೊಂದು ಮಾತು: ಕೋಳಿ ಫೀಡು ಉಳಿದಿದೆ ಎಂದು ಕುದುರೆಗೆ ಹಾಕಬೇಡಿ. ಕೋಳಿಗೆ ರಕ್ತಭೇದಿ ಬಾರದಂತೆ ಅದರಲ್ಲಿ ಬೆರೆಸುವ ಮೊನೆನ್ಸಿನ್, ಸಲಿನೊಮೈಸಿನ್ ಎಂಬ ಔಷಧಿಗಳು ಕುದುರೆಯ ಹೃದಯ ಕೆಡಿಸಿ ಕೊಲ್ಲುತ್ತವೆ. ಒಂಟೆಗೂ ಅವು ವಿಷವೇ.